ಉಪ್ಪಿಟ್ಟುಬಯಲಿಗೆ ಹನ್ನೊಂದು ಸಸಿ

ಬಿಳಿಗುಂಡಿ ಹಳ್ಳ
ಮೇ ೪೩, ೨೧೯೦

ಚಿರಂಜೀವಿ ಸಿಂಚನಜ್ಜಿಗೆ, ನಿಮ್ಮ ಮರಿಮಗಳ ಮಗಳು ಪುಟ್ಟಗೌರಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮ ಹಿರಿಯರು ಮೇ ತಿಂಗಳನ್ನೇ ಉದ್ದ ಮಾಡಿದರು. ಊರಿಗೆ ಮಳೆ ಬಿದ್ದ ದಿನವೇ ಜೂನ್ ಒಂದು. ನಿಮಗೀಗ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ಅಜ್ಜಿ ಅಂದರೆ ನಿಮಗೆ ಸಿಟ್ಟು, ಅನ್ನದಿದ್ದರೆ ನನಗೆ ಪಾಪ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಆಗಿಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಚಿನ್ನ ಎಲ್ಲಿ ಹೂತಿದ್ದಾರೆ ಕೇಳು ಅಂದರು ಮನೆಯವರು. ನಾನು ಸಸಿ ಕೇಳುತ್ತಿದ್ದೇನೆ.

ಮೊದಲು ಹೊಗಳಿಬಿಡುತ್ತೇನೆ. ನೀವೂ ನಿಮ್ಮ ಗೆಳೆಯರೂ ಭಾನುವಾರದ ನಿದ್ದೆ ಕೆಡಿಸಿಕೊಂಡು ಹಳ್ಳದ ದಂಡೆಗೆ ನೆಟ್ಟ ಹೊಳೆಮತ್ತಿ, ಅತ್ತಿ, ನೇರಳೆಗಳು ಈಗ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ನೆರಳಿಗೆ ನೀರು ತಣ್ಣಗಿದೆ. ಬಿಳಿಮೀನು, ನೀವು ಮಹಶೀರ್ ಅನ್ನುತ್ತೀರಲ್ಲ ಅದೇ, ಮೇಲಿನ ಗುಡ್ಡಕ್ಕೆ ಮಳೆಯಾಗಿ ಹೊಸನೀರು ಬಂದಾಗ ಅತ್ತಿಹಣ್ಣು ತಿನ್ನುತ್ತಾ ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತದೆ. ಆದರೆ ಬಂಡೆ ತಿರುವಿನಲ್ಲಿ ಅರವತ್ತು ಹೆಜ್ಜೆ ಉದ್ದಕ್ಕೂ ಒಂದೇ ಒಂದು ಮರವಿಲ್ಲ. ಕಾದ ನೀರಿಗೆ ಮೂತಿ ತಗುಲಿಸಿ ಮೀನು ವಾಪಸ್ ಹೊರಡುತ್ತದೆ.

ಯಾಕೆ ಮರವಿಲ್ಲ ಎಂದು ಊರೇ ತಲೆ ಕೆಡಿಸಿಕೊಂಡಿತ್ತು. ಮಣ್ಣು ಸರಿಯಿಲ್ಲ ಅಂದರು, ದೆವ್ವ ಅಂದರು. ಹೋದ ವರ್ಷ ನಿಮ್ಮದೇ ಒಂದು ವಿಡಿಯೊ ಸಿಕ್ಕಿತು. ಗುಂಡಿ ತೋಡಿದೆ, ಹನ್ನೊಂದು ಸಸಿ ಸಾಲಾಗಿ ಕಾಯುತ್ತಿವೆ, ಅಷ್ಟರಲ್ಲಿ ಸ್ಕೂಟರಿನ ಮೇಲೆ ಉಪ್ಪಿಟ್ಟು ಬಂತು. "ಬನ್ರೋ, ಬಿಸಿ ಇದೆ, ಮಿಕ್ಕಿದ್ದು ಆಮೇಲೆ ನೆಡೋಣ!" ಅಂದದ್ದು ನಿಮ್ಮ ದನಿಯೇ. ಆಮೇಲೆ ಗ್ರೂಪ್ ಫೋಟೊ, ಆಮೇಲೆ ವ್ಯಾನು. 'ಕಾರ್ಯಕ್ರಮ ಸಂಪೂರ್ಣ' ಎಂಬ ನಿಮ್ಮ ಬೋರ್ಡು ನೋಡಿ ನಡುವಿನ ಕಾಲದವರು ಆ ಕಡೆ ತಲೆಹಾಕಲಿಲ್ಲ. ಈಗ ನಾವೂ ನೆಟ್ಟು ನೋಡಿದೆವು, ಆದರೆ ನಮ್ಮ ಬಿಸಿಲಿಗೆ ಎಳೆ ಸಸಿ ಎಂಟು ದಿನ ಬಾಳುವುದಿಲ್ಲ. ಆ ಜಾಗಕ್ಕೆ ಈಗ ಉಪ್ಪಿಟ್ಟುಬಯಲು ಎಂದೇ ಹೆಸರು.

ಹಾಗಾಗಿ ನಮ್ಮಲ್ಲಿ ಕೊಡೆಪಾಳಿ ನಡೆಯುತ್ತದೆ. ಮೀನು ಹತ್ತುವ ವಾರ ಮನೆಗೊಬ್ಬರು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಂತು, ಕೊಡೆ ಹಿಡಿದು ಮೀನಿಗೆ ನೆರಳು ಕೊಡಬೇಕು. ಸೀನುವಂತಿಲ್ಲ, ತುರಿಸಿಕೊಳ್ಳುವಂತಿಲ್ಲ. ಮದುವೆಗಂಡಿಗೂ ವಿನಾಯಿತಿಯಿಲ್ಲ, ಹೋದ ಸಲ ಒಬ್ಬ ಬಾಸಿಂಗ ಕಟ್ಟಿಕೊಂಡೇ ನಿಂತಿದ್ದ. ಪಾಳಿ ಮೇಸ್ತ್ರಿ ಹೊನ್ನಪ್ಪ ಮಾತ್ರ ದಡದಲ್ಲಿ ಕೂತು, "ಗೌರತ್ತೆ, ಕೊಡೆ ಮೀನಿಗೆ ಹಿಡೀರಿ, ನಿಮ್ಮ ತಲೆಗಲ್ಲ!" ಎಂದು ಕೂಗುತ್ತಿರುತ್ತಾನೆ.

ನಿನ್ನೆ ನನ್ನ ಮಂಡಿ ಕೈಕೊಟ್ಟಿತು. ಕೊಡೆ ಸಮೇತ ದೊಪ್ಪನೆ ಬಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸರಿಯಾಗಿ ಆಗಲೇ ದೊಡ್ಡಮ್ಮ ಬಂದಿದ್ದಳು. ಈ ಹಳ್ಳದಲ್ಲಿ ಮೊಟ್ಟೆಯಿಡುವ ಹೆಣ್ಣುಮೀನು ಉಳಿದಿರುವುದು ಅವಳೊಬ್ಬಳೇ. ಬೆದರಿ ಕೆಳಗಿನ ಮಡುವಿಗೆ ಇಳಿದುಹೋದಳು. ಮನೆಗೆ ಬಂದು ಅತ್ತುಬಿಟ್ಟೆ ಅಜ್ಜಿ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನಾಳೆ ಅವಳು ಹತ್ತದಿದ್ದರೆ ಈ ವರ್ಷ ಮರಿಯಿಲ್ಲ. ಮುಂದಿನ ವರ್ಷಕ್ಕೆ ಅವಳೂ ಇರುತ್ತಾಳೋ ಇಲ್ಲವೋ.

ಈ ಕಾಗದ ಆ ಉಪ್ಪಿಟ್ಟಿನ ಭಾನುವಾರದ ಹಿಂದಿನ ದಿನ ನಿಮ್ಮ ಕೈಸೇರುತ್ತದೆ. ಉಪ್ಪಿಟ್ಟು ಆರಲಿ ಬಿಡಿ, ಆರಿದ ಉಪ್ಪಿಟ್ಟು ತಿಂದು ಯಾರೂ ಸತ್ತಿಲ್ಲ. ಗೆಳೆಯರು ಗೊಣಗಿದರೆ ಮೊಮ್ಮಕ್ಕಳ ಕಾಟ ಅನ್ನಿ. ಹನ್ನೊಂದನ್ನೂ ನೆಟ್ಟು, ನೀರು ಹಾಕಿ, ಆಮೇಲೆ ಕೈ ತೊಳೆಯಿರಿ.

ನಾಳೆ ನಾನು ಕೊಡೆ ತೆಗೆದುಕೊಂಡೇ ಹೋಗುತ್ತೇನೆ. ನಂಬಿಕೆಯಿಲ್ಲ ಅಂತಲ್ಲ, ನನ್ನ ಮೈಯಲ್ಲಿರುವುದೂ ನಿಮ್ಮ ರಕ್ತವೇ, ಒಗ್ಗರಣೆ ವಾಸನೆ ನಮಗೇನು ಮಾಡುತ್ತದೆಂದು ಬಲ್ಲೆ. ಜೊತೆಗೆ ಒಂದು ಡಬ್ಬಿ ಉಪ್ಪಿಟ್ಟೂ ಇರುತ್ತದೆ. ತಿರುವಿನಲ್ಲಿ ನೆರಳು ಕಂಡರೆ ಕೊಡೆ ಮಡಿಸಿ ನಿಮ್ಮ ಮರದ ಬುಡದಲ್ಲಿ ಕೂರುತ್ತೇನೆ. ದೊಡ್ಡಮ್ಮ ದಾಟುವವರೆಗೂ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ಇತಿ, ನೀವಿನ್ನೂ ನೋಡದ ನಿಮ್ಮ ಕುಡಿ,
ಪುಟ್ಟಗೌರಿ