ಗಂಟಲಿಲ್ಲದ ಪಾರ್ಟು

ಮಾರ್ಚ್ 3, ಸೋಮವಾರ. ಬೆಳಗ್ಗೆ

ಹಾಸ್ಟೆಲ್ಲಿನ ಹೀಟರಿನ ಮೇಲೆ ಸಾಕ್ಸ್ ಒಣಗಿಸುವ ಮಹಾಯಜ್ಞ ಇಂದಿಗೆ ಮುಗಿಯಿತು. ಒಂದು ಒಣಗಿದೆ, ಒಂದು ಸುಟ್ಟಿದೆ. ಸುಟ್ಟದ್ದನ್ನು ಎಡಗಾಲಿಗೆ ಏರಿಸಿದೆ — ಬೂಟಿನೊಳಗೆ ಇಣುಕುವವರು ಯಾರು.

ಇಂದು ಯಾರ್ಡಿಗೆ ಪ್ರಥಮ ಪ್ರವೇಶ. ನಮ್ಮೂರಿಗೆ ಹೊಸ ಕ್ರೇನ್ ಕೊಟ್ಟ ಕಂಪನಿಯೇ ಇಲ್ಲಿ, ತನ್ನ ದೇಶದಲ್ಲಿ, ಟ್ರೈನಿಂಗ್ ಕೊಡುತ್ತದೆ. ನಮ್ಮ ಕಡೆಯಿಂದ ಇಬ್ಬರು. ಮೇಲೆ ಕ್ಯಾಬಿನ್ನಿನಲ್ಲಿ ಕೂತು ನಡೆಸಲು ನನ್ನ ಮೈದುನ. ಕೆಳಗೆ ನಿಂತು 'ಏರಿಸು, ಇಳಿಸು' ಎನ್ನಲು ನಾನು. ಊರಿನ ಹಳೆಯ ಕ್ರೇನಿಗೆ ಕಿಟಕಿಗಾಜೇ ಇಲ್ಲ. ನಾನು ಗುಡುಗುತ್ತೇನೆ, ಅವನು ನನ್ನತ್ತ ನೋಡದೆಯೇ ಇಳಿಸುತ್ತಾನೆ. ಅಪ್ಪನ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಬೆಳೆದ ಗಂಟಲು ಇದು. ಹಲ್ಲು ಬೀಳುವ ವಯಸ್ಸಿಗೆ ಬಾಲರಾಜಕುಮಾರ. ಮದುವೆಯ ವಯಸ್ಸಿಗೆ ಮೀಸೆ ಅಂಟಿಸಿಕೊಂಡು ಸೇನಾಧಿಪತಿ. ಮ್ಯಾನೇಜರು ನನ್ನನ್ನು ಆರಿಸುವಾಗ ಅಂದದ್ದೂ ಅದೇ — "ಇವರ ಧ್ವನಿ ಹೇಗೂ ಸಮುದ್ರ ದಾಟುತ್ತೆ. ಜೊತೆಗೆ ಇವರನ್ನೂ ದಾಟಿಸಿಬಿಡೋಣ."

ಹೊರಟೆ. ಭೂಮಿ ನಡುಗಲಿ.

ಅದೇ ದಿನ, ಸಂಜೆ

ಭೂಮಿ ನಡುಗಲಿಲ್ಲ.

ಗೇಟಿನಲ್ಲೇ ಕಿವಿಮುಚ್ಚಳ ತೊಡಿಸಿದರು, ಎಲ್ಲರಿಗೂ. ಅಲ್ಲಿಯ ಕ್ಯಾಬಿನ್ ನೋಡಿದೆ. ಗಾಜಿನ ಪೆಟ್ಟಿಗೆ. ಬಾಗಿಲು ಹಾಕಿದರೆ ಸಿಡಿಲಿಗೂ ಒಳಗೆ ಪ್ರವೇಶವಿಲ್ಲ.

ಟ್ರೈನರು ಬೆಳ್ಳಿಗೂದಲ ಹೆಂಗಸು, ನನಗಿಂತ ಒಂದು ಗೇಣು ಎತ್ತರ. ಮಹಾರಾಣಿ ಎಂದು ಹೆಸರಿಟ್ಟಿದ್ದೇನೆ. ಆಕೆಯ ಇಂಗ್ಲಿಷೂ ನನ್ನದರಷ್ಟೇ ಬಡಕಲು. ಹಾಗಾಗಿ ಸಂಭಾಷಣೆ ಸರಾಗ. ಆಕೆ ಹೇಳಿದ್ದಿಷ್ಟು: ಇಲ್ಲಿ ಬಾಯಿ ಇಲ್ಲ, ಕೈ ಮಾತ್ರ. ಮುಂದಿನ ವಾರ ಗುರುವಾರ ಪರೀಕ್ಷೆ. ಪಾಸಾದರೆ ಜೋಡಿಯಾಗಿ, ಫೇಲಾದರೂ ಜೋಡಿಯಾಗಿ.

ಫೇಲಾದರೆ ಏನಾಗುತ್ತದೆ ಎಂಬುದು ಹೊರಡುವ ಮೊದಲೇ ಗೊತ್ತು. ಹೊಸ ಕ್ರೇನಿಗೆ ಹೊರಗಿನವರು ಬರುತ್ತಾರೆ. ಹಳೆಯದು ಗುಜರಿಗೆ, ಮೈದುನ ಫೋರ್ಕ್‌ಲಿಫ್ಟಿಗೆ, ನಾನು ಸ್ಟೋರಿಗೆ. ಸೇನಾಧಿಪತಿ ನಟ್ಟು ಬೋಲ್ಟುಗಳ ಧೂಳು ಒರೆಸುತ್ತಾಳೆ.

ಬಸ್ಸಿನಲ್ಲಿ ಮೈದುನ ಎಂದಿನಂತೆ ನಿದ್ದೆಗಣ್ಣಲ್ಲಿ: "ಅತ್ತಿಗೆ, ಇನ್ಮೇಲೆ ನಿಮ್ಮನ್ನ ನೋಡ್ಬೇಕಾಗುತ್ತೆ."

"ಯಾಕೆ, ಇಷ್ಟು ವರ್ಷ ನೋಡ್ಲಿಲ್ವಾ?"

"ಕೇಳಿಸ್ಕೊಳ್ತಿದ್ದೆ. ಅದೇ ಜಾಸ್ತಿ ಆಗ್ತಿತ್ತು."

ಮಾರ್ಚ್ 5, ಬುಧವಾರ

ಮಾನ ಹೋಯಿತು. ಸವಿಸ್ತಾರವಾಗಿ ಹೋಯಿತು.

ನನ್ನ ಸರದಿ. ಖಾಲಿ ಡ್ರಮ್ಮನ್ನು ನೆಲದ ಮೇಲಿನ ಸೀಮೆಸುಣ್ಣದ ಚೌಕಕ್ಕೆ ಇಳಿಸಬೇಕು. ಪಕ್ಕದಲ್ಲಿ ಹಗ್ಗ ಕಟ್ಟಿ, ಅದರಾಚೆ ಉಳಿದ ಟ್ರೈನಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಜನ ಸಾಲಾಗಿ ನಿಂತು ನೋಡುವುದು ಕಂಡರೆ ನನ್ನ ರಕ್ತದಲ್ಲಿ ಹಾರ್ಮೋನಿಯಂ ಶುರುವಾಗುತ್ತದೆ. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು — ಹಾಲಿನ ಜೊತೆ ಕುಡಿದ ಪಾಠ. ಎದೆಯನ್ನು ಅವರತ್ತ ತಿರುಗಿಸಿದೆ. 'ಇಳಿಸು' ಎನ್ನಲು ತೋಳು ಬೀಸಿ ಒಂದು ಸುತ್ತು. 'ಎಡಕ್ಕೆ' ಎನ್ನಲು ಕೈಯ ಜೊತೆ ಎರಡು ಹೆಜ್ಜೆ. ಹಗ್ಗದಾಚೆ ಒಬ್ಬ ಗಡ್ಡದವ ಚಪ್ಪಾಳೆಯನ್ನೂ ತಟ್ಟಿದ.

ಡ್ರಮ್ಮು ಮಾತ್ರ ನಡು ಆಕಾಶದಲ್ಲಿ ನಿಂತುಬಿಟ್ಟಿತು. ಮೇಲೆ ನೋಡಿದರೆ ಮೈದುನ ಕೈಕಟ್ಟಿ ಕುಳಿತಿದ್ದಾನೆ.

ಮಹಾರಾಣಿ ತಣ್ಣಗೆ ಹೇಳಿದಳು: ಅವನಿಗೆ ನೀನು ಕಾಣದಿದ್ದರೆ, ನೀನು ಅಲ್ಲಿ ಇಲ್ಲ. ಸರದಿ ಮುಗಿಯಿತು. ಮುಂದಿನವರು.

ಕ್ಯಾಂಟೀನಿನಲ್ಲಿ ಅವನನ್ನು ಹಿಡಿದೆ.

"ಕಣ್ಣು ಕಾಣಲ್ವೇನಪ್ಪಾ ನಿನಗೆ?"

"ಕಂಡಿತು. ನಿಮ್ಮ ಜಡೆ."

"ಮತ್ತೆ?"

"ಜಡೆ ಏನೂ ಹೇಳ್ಲಿಲ್ಲ, ಅತ್ತಿಗೆ."

ಮಾರ್ಚ್ 6, ಗುರುವಾರ

ಅಮ್ಮನ ಫೋನು. ಒಂದು ಕಾಲಕ್ಕೆ ಅಪ್ಪನ ನಾಟಕ ಕಂಪನಿಯ ನಾಯಕಿ, ಈಗ ನಮ್ಮ ಮನೆಯ ಸಾಮ್ರಾಜ್ಞಿ. ನನ್ನ ಗಂಡ 'ಹಲೋ' ಎನ್ನುವಷ್ಟರಲ್ಲಿ ಕಸಿದುಕೊಂಡಳು.

"ನಿನ್ನ ಬಾಯಿ ಮುಚ್ಚಿಸಿದ್ರಂತೆ? ನಿಮ್ಮಪ್ಪನ ಕೈಲೂ ಆಗ್ಲಿಲ್ಲ ಅದು. ದೊಡ್ಡ ದೇಶಾನೇ ಇರ್ಬೇಕು."

"ತಮಾಷೆ ಬೇಡಮ್ಮ. ಎಲ್ಲರ ಎದುರು ಮಾನ ಹೋಯ್ತು."

"ಎಲ್ಲರು ಅಂದ್ರೆ? ಟಿಕೆಟ್ ಕೊಂಡು ಬಂದವರು ಯಾರಲ್ಲಿ?"

"ಕ್ರೇನಿಗೆ ಟಿಕೆಟ್ ಎಲ್ಲಿಂದ ಬಂತು?"

"ಬಂತು ಅಂತಾನೇ ಇಟ್ಕೋ. ಕೊಂಡಿದ್ದು ಯಾರು?"

ಸಿಟ್ಟು ನೆತ್ತಿಗೇರಿತು. ಕಟ್ ಮಾಡಿದೆ.

ಮಾರ್ಚ್ 10, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ. ಶುಕ್ರವಾರವೂ ತಪ್ಪಿತು. ನಟನೆ ಬಿಟ್ಟು ಕೈಸನ್ನೆಯನ್ನು ಸಣ್ಣದು ಮಾಡಿದೆ, ಅದೂ ಕಾಣಲಿಲ್ಲವಂತೆ. ಶನಿವಾರ, ಭಾನುವಾರ ರೂಮಿನ ಸೀಲಿಂಗಿನೊಂದಿಗೆ ಏಕಾಂತ...

ಇವತ್ತು ಹೋಗಿ ಕೇಳಿದೆ: ನನ್ನನ್ನು ಒಮ್ಮೆ ಮೇಲೆ ಹತ್ತಿಸಿ. ಮಹಾರಾಣಿ ಹುಬ್ಬೇರಿಸಿದಳು, ಬೆಲ್ಟು ಕೊಟ್ಟಳು. ಕಬ್ಬಿಣದ ಏಣಿ. ಮೆಟ್ಟಿಲು ಎಣಿಸುತ್ತಾ ಹತ್ತಿದೆ. ಮೈದುನ ಎದ್ದು ಸೀಟು ಬಿಟ್ಟುಕೊಟ್ಟ.

ಕೆಳಗೆ ನೋಡಿದೆ. ಅಯ್ಯಾ... ಮನುಷ್ಯರೆಲ್ಲ ಸಾಸಿವೆ. ಸಿಗ್ನಲ್ ಸರದಿ ಗಡ್ಡದವನದು. ಸೊಳ್ಳೆ ಓಡಿಸುವವನ ಹಾಗೆ ಮಣಿಕಟ್ಟು ಅಲ್ಲಾಡಿಸುತ್ತಿದ್ದಾನೆ. ಏರಿಸು ಎಂದನೋ, ಮೂಗು ತುರಿಸಿಕೊಂಡನೋ, ದೇವರೇ ಬಲ್ಲ.

"ದಿನಾ ಇಷ್ಟೇನಾ ನಿನಗೆ ಕಾಣೋದು?"

"ಇಷ್ಟೇ. ಅದಕ್ಕೇ ಬಗ್ಗಿ ಬಗ್ಗಿ ಕತ್ತು ಹಿಡ್ಕೊಂಡಿದೆ."

ಆಗ ಹೊಳೆಯಿತು. ಈ ಜಾಗ ನನಗೆ ಗೊತ್ತು. ಇದು ಗ್ಯಾಲರಿಯ ಕಟ್ಟಕಡೆಯ ಬೆಂಚು. ಅಪ್ಪ ನಮ್ಮನ್ನೆಲ್ಲ ರಿಹರ್ಸಲ್ಲಿನಲ್ಲಿ ಅಲ್ಲಿಗೇ ಕಳಿಸಿ, ಕೂತು ನೋಡಿ ಬನ್ನಿ ಎನ್ನುತ್ತಿದ್ದರು. ಹಗ್ಗದಾಚೆಯವರೆಲ್ಲ ಬಿಟ್ಟಿ ಗಿರಾಕಿಗಳು. ಟಿಕೆಟ್ ಕೊಂಡವನು ಒಬ್ಬನೇ, ಕತ್ತು ಹಿಡಿದುಕೊಂಡು ಕುಳಿತ ಈ ಮೈದುನ. ನನ್ನ ತೋಳು ದೊಡ್ಡದಾದದ್ದು ತಪ್ಪಲ್ಲ. ತಿರುಗಿದ ದಿಕ್ಕು ತಪ್ಪು.

ಅಮ್ಮನಿಗೆ ಫೋನ್ ಮಾಡಲಿಲ್ಲ. ಗೆದ್ದ ಮೇಲೆ ಮಾಡುತ್ತೇನೆ. ಅಲ್ಲಿಯವರೆಗೆ ಆಕೆ ಉರಿಯಲಿ.

ಮಾರ್ಚ್ 12, ಬುಧವಾರ

ಎರಡು ದಿನದಿಂದ ಒಂದೇ ತಾಲೀಮು. ಕಾಲು ನೆಟ್ಟು ಕ್ಯಾಬಿನ್ನಿಗೆ ಎದೆ ಕೊಟ್ಟು ನಿಲ್ಲುವುದು. ಒಂದು ಸಲಕ್ಕೆ ಒಂದೇ ಮುದ್ರೆ, ಭುಜದಿಂದ ಬೆರಳಿನ ತುದಿಯವರೆಗೆ ಪೂರ್ತಿ. ಕೆಲಸ ಮುಗಿಯುವ ತನಕ ಅಲ್ಲಾಡದೆ ಹಿಡಿಯುವುದು. ಬೀಸುವುದು ಸುಲಭ, ನಿಲ್ಲಿಸುವುದು ಪ್ರಾಣಸಂಕಟ. ಕೈ ತಾನಾಗಿಯೇ ಮುಂದಿನ ಮಾತಿಗೆ ಓಡುತ್ತದೆ. ಹಲ್ಲು ಕಚ್ಚಿ ಎಳೆದು ನಿಲ್ಲಿಸುತ್ತೇನೆ.

ಬಸ್ಸಿನಲ್ಲಿ ಮೈದುನ: "ಇವತ್ತು ನಿಮ್ಮ ಬೆರಳೂ ಕಾಣ್ತು."

"ಕತ್ತು?"

"ಬಗ್ಗಿಸ್ಲೇ ಇಲ್ಲ."

ಅವನ ಬಾಯಿಂದ ಇದು ಪದ್ಮಪ್ರಶಸ್ತಿ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಊಟ ತಣ್ಣಗಾಗುತ್ತಿದೆ. ಇರಲಿ.

ಪರೀಕ್ಷೆಗೆ ಉಕ್ಕಿನ ನೀರಿನ ಟ್ಯಾಂಕು. ಎರಡು ಗೋಡೆಗಳ ನಡುವೆ, ನೆಲದಿಂದ ಎದ್ದ ನಾಲ್ಕು ಬೋಲ್ಟುಗಳ ಮೇಲೆ ಕೂರಿಸಬೇಕು. ಟ್ಯಾಂಕಿಗೆ ಕಟ್ಟಿದ ಹಗ್ಗ ಹಿಡಿದು ತಿರುಗದಂತೆ ನೋಡಿಕೊಳ್ಳುವ ಪಾರ್ಟು ಗಡ್ಡದವನದು. ನಾನು ಎದೆ ಕೊಟ್ಟು ನಿಂತೆ. ಇಳಿಸು. ಇಳಿಸು. ನಿಧಾನ. ಗೋಡೆಗಳ ಬಾಯಿಗೆ ಬಂತು, ಒಳಹೊಕ್ಕಿತು.

ಗಾಳಿ ಎದ್ದಿತು. ಟ್ಯಾಂಕು ಓಲಾಡಿತು. ಗಡ್ಡದವ ಗಾಬರಿಯಲ್ಲಿ ಹಗ್ಗ ಬಿಟ್ಟು ಅಂಗೈಯನ್ನು ಟ್ಯಾಂಕಿಗೂ ಗೋಡೆಗೂ ನಡುವೆ ತೂರಿಸಿದ, ತಳ್ಳಿ ನಿಲ್ಲಿಸುವವನ ಹಾಗೆ.

ಹೊಕ್ಕುಳಿಂದ ಕೂಗು ಎದ್ದು ಬಂತು. ಸೇನಾಧಿಪತಿಯ ಕೂಗು. ಆದರೆ ಕೇಳುವವರು ಯಾರು? ಎಲ್ಲರ ಕಿವಿಗೂ ಮುಚ್ಚಳ, ಮೇಲೆ ಗಾಜು. ಕೂಗನ್ನು ನುಂಗಿದೆ. ಎರಡೂ ತೋಳು ನೆಟ್ಟಗೆ ಆಕಾಶಕ್ಕೆ, ಎರಡೂ ಅಂಗೈ ಕ್ಯಾಬಿನ್ನಿಗೆ: ನಿಲ್ಲಿಸು. ಹೊಟ್ಟೆಗೆ ಇಳಿಯಬೇಕಿದ್ದ ಕೂಗೆಲ್ಲ ಕೈಗೆ ಹತ್ತಿತು.

ಟ್ಯಾಂಕು ಇಳಿಯುವುದು ನಿಂತಿತು. ನನ್ನ ತೋಳು ಪೂರ್ತಿ ಏರುವ ಮೊದಲೇ ನಿಂತಿತು.

ಗಡ್ಡದವ ಕೈ ಹೊರಗೆಳೆದು, ಅಂಗಡಿಯಿಂದ ಆಗಷ್ಟೇ ಕೊಂಡು ತಂದಂತೆ ತಿರುಗಿಸಿ ತಿರುಗಿಸಿ ನೋಡಿದ. ಅವನು ಹಿಂದೆ ಸರಿದು ಹಗ್ಗ ಹಿಡಿಯುವ ತನಕ, ಟ್ಯಾಂಕು ಓಲಾಡುವುದನ್ನು ಬಿಡುವ ತನಕ, ನನ್ನ ತೋಳು ಇಳಿಯಲಿಲ್ಲ. ಗಾಳಿ ಕಣ್ಣಲ್ಲಿ ನೀರು ತರಿಸಿತು, ರೆಪ್ಪೆ ಬಡಿಯಲಿಲ್ಲ. ಆಮೇಲೆ ಒಂದೇ ಕೈ. ಇಳಿಸು. ನಾಲ್ಕು ಬೋಲ್ಟೂ ನಾಲ್ಕು ತೂತಿನಲ್ಲಿ ತಲೆ ಎತ್ತಿದವು.

ಮಹಾರಾಣಿ ತನ್ನ ಕಿವಿಮುಚ್ಚಳ ತೆಗೆದಳು, ಬಂದು ನನ್ನದನ್ನೂ ತೆಗೆದಳು. "ಪಾಸು," ಎಂದಳು. "ಇಬ್ಬರೂ."

ಮೈದುನ ಏಣಿ ಇಳಿದು ಬಂದ. ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಅತ್ತಿಗೆ, ಇವತ್ತು ನೀವು ಕೇಳಿಸಿದ್ರಿ."

ಸಂಜೆ

ಅಮ್ಮನಿಗೆ ಫೋನ್ ಮಾಡಿದೆ. "ಟಿಕೆಟ್ ಒಂದೇ ಮಾರಿದ್ದಮ್ಮ. ಹೌಸ್‌ಫುಲ್."

ಆಕೆ 'ಭೇಷ್' ಎಂದಳು. ಇತಿಹಾಸದಲ್ಲಿ ಮೊದಲು. ಆಮೇಲೆ: "ಗಂಟಲು ತುಕ್ಕು ಹಿಡಿದಿರುತ್ತೆ. ಬಿಸಿನೀರು ಕುಡಿ."

ಕುಡಿದೆ. ಯಾಕೆಂದರೆ ಮೈದುನ ಮನೆಮುರುಕ, ಕೆಳಗೆ ಹೋಗಿ ಎಲ್ಲರಿಗೂ ಹೇಳಿದ್ದಾನೆ: ಈಕೆಗೆ ಒಂದು ಗಂಟಲಿದೆ, ನೀವು ಕೇಳಿಲ್ಲ. ಯಾರೂ ನಂಬಿಲ್ಲವಂತೆ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕುರ್ಚಿ ಹಾಕಿದ್ದಾರೆ. ಗಡ್ಡದವ ಮುಂದಿನ ಸಾಲಿನಲ್ಲಿ. ಮಹಾರಾಣಿಯೂ ಬಂದಿದ್ದಾಳೆ, ಕಿವಿಮುಚ್ಚಳ ತರದೆ — ಪಾಪ. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡಿದ್ದೇನೆ. ಬಲಗಡೆ ಕೊಂಚ ಮೇಲೆ ಹೋಗಿದೆ, ಅದೇ ಚೆಂದ.

ಮೈದುನ ಬಾಗಿಲು ಬಡಿದ. ಬಂದೆ ಎಂದೆ. ಮತ್ತೆ ಬಡಿದ. ಇಗೋ, ಇದು ಮೂರನೆಯದು. ಪರದೆ ಏಳಿಸುವ ಮೂರನೆಯ ಬೆಲ್ ಆದಮೇಲೂ ಬರೆಯುತ್ತಾ ಕೂರುವ ಪದ್ಧತಿ ನಮ್ಮ ಕಂಪನಿಯಲ್ಲಿ—