ಹತ್ತೊಂಬತ್ತನೆಯ ದಿನದ ಒಂದು ಗಂಟೆ

ಕಾರ್ಖಾನೆಯ ಹಿಂಬದಿಯ ಕೋಣೆ,
ಗುರುವಾರ, ಹನ್ನೆರಡನೆಯ ತಾರೀಖು, ಬೆಳಗ್ಗೆ

ಚಿರಂಜೀವಿ ಸೌಭಾಗ್ಯವತಿಯಾದ ಸೊಸೆಗೆ ಮಾವನು ಮನಸಾರೆ ಮಾಡುವ ಆಶೀರ್ವಾದಗಳು.

ಬೀಗಿತ್ತಿಯವರ ಸೊಂಟದ ನೋವು ಹೇಗಿದೆ? ಶಸ್ತ್ರಚಿಕಿತ್ಸೆಯಾದ ಮೇಲೆ ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರೆಂದು ತಿಳಿದು ಭಗವಂತನಿಗೆ ಕೈಮುಗಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆಯಾ, ತಾಯಿ? ಆರೈಕೆಗೆ ನಿಂತವರೇ ಮೊದಲು ಸೊರಗುತ್ತಾರೆಂಬುದನ್ನು ನಿನ್ನ ಅತ್ತೆಯ ಕೊನೆಯ ದಿನಗಳಲ್ಲಿ ಕಂಡುಂಡವನು ನಾನು. ನಿನ್ನ ಗಂಡ ಕುಶಲ. ಅವನು ಮಾಡುವ ಅಡುಗೆಯ ವಿಷಯದಲ್ಲಿ ಮೌನವೇ ಲೇಸು.

ಇನ್ನು ನೀನು ಸ್ವಂತ ಕೈಯಿಂದ ಕಟ್ಟಿ, ನನ್ನ ವಶಕ್ಕೆ ಒಪ್ಪಿಸಿಹೋದ ಗಾಜಿನ ಕೊಳವೆಯ ಸಮಾಚಾರ. ಫೋನಿನಲ್ಲಿ ಹೇಳಲು ನಾಲಿಗೆ ಏಳದೆ ಕಾಗದಕ್ಕೆ ಶರಣಾಗಿದ್ದೇನೆ. ಆಲಿವ್ ಎಲೆಯ ಕಹಿ ಕಷಾಯವು ಮೇಲಿನಿಂದ ಮೆಲ್ಲನಿಳಿದು, ಕಿಣ್ವ ಅಂಟಿಸಿದ ಮಣಿಗಳ ನಡುವೆ ಹಾದು, ಎಣ್ಣೆ ಕಮಟಾಗದಂತೆ ಕಾಯುವ ಸತ್ವವಾಗಿ ಕೆಳಗಿನ ಬಾಟಲಿಗೆ ಬೀಳುವುದನ್ನು ದಿನವೂ ಕಣ್ತುಂಬ ನೋಡಿದ್ದೇನೆ. ಬೆಂಕಿಯಿಲ್ಲ, ಘಾಟಿಲ್ಲ, ಅವೇ ಮಣಿಗಳು ದಣಿಯದೆ ದುಡಿಯುತ್ತವೆ. ಇದೇ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ, ಇದೇ ಸತ್ವ ತೆಗೆಯಲು ಕುದಿಸುವ ದ್ರಾವಕದ ಕಡಾಯಿಯ ಆವಿ ಕುಡಿದು ಕೆಮ್ಮಿದವನಿಗೆ ಇದು ದೈವಕೃಪೆಯಂತೆಯೇ ತೋರಿತು. ಮೂವತ್ತು ದಿನ ಎಡೆಬಿಡದೆ ಹರಿದರೆ ಆ ಕಡಾಯಿಯನ್ನು ಮತ್ತೆಂದೂ ಹೊತ್ತಿಸುವುದಿಲ್ಲವೆಂದು ಮಾಲೀಕರು ನಿನಗೆ ಕೊಟ್ಟ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈಯಾರೆ ಕೆಡಿಸಿದೆ.

ನೀನು ಹೋದಂದಿನಿಂದ ನನ್ನ ಪಾರಾಯಣವೂ ಈ ಕೋಣೆಯಲ್ಲೇ. ನಿನ್ನೆ, ಹತ್ತೊಂಬತ್ತನೆಯ ದಿನ, ಪಂಪಿನ ಟಕಟಕ ಸದ್ದು ಚಿತ್ತವನ್ನು ಕದಡಿತು. ದೇವರ ನಾಮಕ್ಕೆ ನಿಶ್ಶಬ್ದದ ಮರ್ಯಾದೆ ಸಲ್ಲಲೆಂದು ಗುಂಡಿಯೊತ್ತಿ ನಿಲ್ಲಿಸಿದೆ. ಒಂದು ಗಂಟೆ ಕಳೆದು ಕಣ್ತೆರೆದರೆ, ನಿಂತ ದ್ರವವು ಹೊಂಬಣ್ಣ ಕಳೆದುಕೊಂಡು ಕಂದಿತ್ತು. ನಿನ್ನ ಟಿಪ್ಪಣಿಯಂತೆ ಶುದ್ಧ ನೀರು ಹರಿಸಿ ತೊಳೆದೆ. ಮಣಿಗಳು ಉಳಿದವು, ಎಣಿಕೆ ಉಳಿಯಲಿಲ್ಲ.

ನಡೆದುದನ್ನು ನಡೆದಂತೆಯೇ ದಿನಚರಿಯಲ್ಲಿ ಬರೆದೆ. ಮೇಲ್ವಿಚಾರಕ ಓದಿ ತಲೆ ಚಚ್ಚಿಕೊಂಡ. “ಒಂದು ಗಂಟೆ ತಾನೇ, ಯಜಮಾನ್ರೇ? ಆ ಹಾಳೆ ಕಿತ್ತುಬಿಡಿ. ಪಂಪೇನು ಬಾಯಿಬಿಟ್ಟು ಹೇಳುತ್ತಾ?” ಎಂದ. ನಿನ್ನ ಮೇಲಿನ ವಿಶ್ವಾಸದಿಂದಲೇ ಹಾಗೆಂದ, ಪಾಪ. ಸುಳ್ಳೇಕೆ ಹೇಳಲಿ, ನನ್ನ ಬೆರಳೂ ಹಾಳೆಯ ಅಂಚಿನವರೆಗೆ ಹೋಗಿ ಬಂತು. ಆದರೆ ಇದನ್ನು ನಂಬಿ ನಾಳೆ ಇಂಥ ಹತ್ತು ಕೊಳವೆಗಳನ್ನು ಕಟ್ಟುವವರಿಗೆ, ಹರಿವು ನಿಂತರೆ ಏನಾಗುವುದೆಂದು ತಿಳಿಸುವ ಪುಟ ಅದೊಂದೇ ಅಲ್ಲವೇ? ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮಧ್ಯಾಹ್ನ ಆ ಪುಸ್ತಕವನ್ನೇ ಹಿಡಿದು ಮಾಲೀಕರ ಮುಂದೆ ನಿಂತು, ಹೊಸದಾಗಿ ಮೂವತ್ತು ದಿನ ಬೇಡುವೆನು.

ನೀನು ಗಾಬರಿಯಿಂದ ಓಡಿಬರಬೇಡ. ಕೆಡಿಸಿದವನೇ ಕಟ್ಟಿಕೊಡುವುದು ಧರ್ಮ. ಬೀಗಿತ್ತಿಯವರು ಕೋಲು ಬಿಟ್ಟು ನಡೆಯುವವರೆಗೆ ಅವರ ಮಗ್ಗುಲಲ್ಲಿರು. ನಿಮ್ಮಿಬ್ಬರನ್ನೂ ಭಗವಂತನು ಕಾಪಾಡಲಿ.

ಇಂತು, ನಿನ್ನ ಕ್ಷಮೆಗೆ ಕಾದಿರುವ
ಮಾವ

ಅಂಚೆಗೆ ಹಾಕುವ ಮುನ್ನ, ಸಂಜೆ, ಮನೆಯಿಂದ: ಮಾಲೀಕರು ಒಪ್ಪಲಿಲ್ಲ. ಸೋಮವಾರ ಕಡಾಯಿ ಹೊತ್ತಿಸುವರಂತೆ, ಕೋಣೆ ತೆರವಾಗಬೇಕಂತೆ. “ಮೂವತ್ತು ದಿನದ ದಾಖಲೆ ಎಲ್ಲಿಂದಾದ್ರೂ ತನ್ನಿ, ಆಗ ಕಡಾಯಿ ಆರಿಸೋಣ” ಎಂದರು. ಎಲ್ಲಿಂದಾದರೂ ಎಂದ ಮೇಲೆ ಚಿಂತೆಯೇನು? ನಿನ್ನ ಗಂಡನೂ ಮೇಲ್ವಿಚಾರಕನೂ ಕೊಳವೆಯನ್ನು ಎಳೆಗೂಸಿನಂತೆ ಹೊತ್ತು ತಂದರು. ಕಷಾಯದ ಡಬ್ಬಗಳೂ ಬಂದಿವೆ. ಮನೆಯಲ್ಲಿ ಬಿಸಿಲು ತಾಗದ, ಹದ ಕೆಡದ ಜಾಗ ಒಂದೇ: ನನ್ನ ದೇವರ ಕೋಣೆ. ಅಲ್ಲಿಯೇ ನಿಲ್ಲಿಸಿದ್ದೇವೆ. ಪಂಪು ಟಕಟಕ ಎನ್ನುತ್ತಿದೆ. ನಾಳೆಯಿಂದ ಪಾರಾಯಣವು ಅದರ ತಾಳಕ್ಕೇ. ಪುಸ್ತಕದಲ್ಲಿ ಬರೆದಾಯಿತು: ಮೊದಲನೆಯ ದಿನ.