ಬೀಗ ಕೇಳುವವರ ಸಾಲು

ಬೆಟಗೇರಿ, ಫೆಬ್ರವರಿ ೩೦, ೨೧೮೮

ಬೇಕಾದವರು ಬೀಗ ಒಯ್ಯಲಿ, ನನ್ನನ್ನೇನು ಕೇಳುತ್ತೀರಿ ಎಂದೋ, ಅಥವಾ ಕೇಳದೆಯೇ ಒಯ್ಯಲಿ ಎಂದೋ, ನೀವು ನಿಮ್ಮ ಕಾರ್ಮಿಕ ಸಂಘದ ಸಭೆಯಲ್ಲಿ ಅಂದಿರಂತೆ. ಮಾತು ಬಾಯಿಂದ ಬಾಯಿಗೆ ಬಂದು ಸವೆದಿದೆ, ದಿಲ್‌ಶಾದ್ ನದಾಫ ಅವರೇ. ಯಾವುದನ್ನು ನಂಬಿದರೂ ನಾನು ಮಾಡಿದ್ದು ಬದಲಾಗುವುದಿಲ್ಲ. ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣುತ್ತದೆ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ಕೆಲವು ಶಬ್ದಗಳೂ ಹಾಗೆಯೇ ಅಪರಿಚಿತ ಅನ್ನಿಸಿದರೆ ಕ್ಷಮಿಸಿ. ದಾಖಲೆಯ ಪ್ರಕಾರ ನಿಮಗೆ ಮೂವತ್ತನಾಲ್ಕು. ನನಗಿಂತ ಹದಿನೆಂಟು ವರ್ಷ ಚಿಕ್ಕವರು, ನೂರಾ ಅರವತ್ತು ವರ್ಷ ಹಿಂದಿನವರು. ಅಕ್ಕಾರ ಎನ್ನುತ್ತೇನೆ. ಸಾಲಿನಲ್ಲಿ ನಿಲ್ಲುವವರೆಲ್ಲ ನಿಮ್ಮನ್ನು ಕರೆಯುವುದು ಹಾಗೆಯೇ.

ಈ ಸೋಮವಾರದವರೆಗೆ ನಾನು ಮುಗಿಲಕಟ್ಟೆ ಎಂಬ ಕಚೇರಿಯ ಕಿಟಕಿಯಲ್ಲಿ ಕೂರುವ ಗುಮಾಸ್ತನಾಗಿದ್ದೆ. ನೀವು ಕ್ಲೌಡ್ ಎನ್ನುತ್ತಿದ್ದುದರ ಒಂದು ತುಂಡು ಆ ಕಚೇರಿಯ ನೆಲಮಾಳಿಗೆಯಲ್ಲಿ ಇನ್ನೂ ತಣ್ಣಗೆ ಗುಂಯ್‌ಗುಡುತ್ತಿದೆ. ಹಳೆಯ ಕೀಲಿಕೈಗಳನ್ನು ಕಾಯುವುದೊಂದೇ ಅದರ ಕೆಲಸ. ನಿಮ್ಮ ಪಬ್ಲಿಕ್ ಕೀ, ಆ ಎಂಟು ಸಾಲು ಅಕ್ಷರಗಳನ್ನು ನಾವು ತೆರೆಬೀಗ ಎನ್ನುತ್ತೇವೆ. ಬಾಯಿ ತೆರೆದುಕೊಂಡೇ ಇರುವ ಬೀಗ. ಯಾರು ಬೇಕಾದರೂ ಒಯ್ದು ತಮ್ಮ ಮಾತಿಗೆ ಹಾಕಿ ಒತ್ತಬಹುದು. ಒತ್ತಿದ ಮೇಲೆ ಹಾಕಿದವರಿಗೂ ತೆಗೆಯಲು ಬರುವುದಿಲ್ಲ. ತೆಗೆಯುವ ಕೀಲಿಕೈ ನೆಲಮಾಳಿಗೆ ಬಿಟ್ಟು ಹೊರಬಂದದ್ದೇ ಇಲ್ಲ. ನಿಮ್ಮ ಕೈಗೂ ಅದು ಸಿಕ್ಕಿರಲಿಲ್ಲ. ನೀವು ಹೇಳಿದರೆ ಇದ್ದಲ್ಲೇ ತಿರುಗಬೇಕಿತ್ತು, ಅಷ್ಟೆ. ಬಣ್ಣದ ಕಾರ್ಖಾನೆಯ ಕೆಲಸದವರು ಮಾಲೀಕರ ಕಣ್ಣಿಗೆ ಬೀಳದಂತೆ ದೂರು ಬರೆಯಲಿ ಎಂದು ನೀವು ಈ ಜೋಡಿಯನ್ನು ಮಾಡಿಸಿದಿರಿ. ಈಗ ವಿಚಾರಣಾ ಮಂಡಳಿ ಹೇಳಿದರೆ ಮಾತ್ರ ತಿರುಗುತ್ತದೆ. ಮಂಡಳಿ ಒಮ್ಮೆಯೂ ಹೇಳಿಲ್ಲ.

ಇಲ್ಲಿ ಈಗ ಬಣ್ಣವನ್ನು ಬೆಳೆಸುತ್ತಾರೆ. ಗಾಜಿನ ಹೊಂಡಗಳಲ್ಲಿ ಪಾಚಿ, ಅದರ ಮೇಲೆ ನೀಲಿ ಹಬೆ. ಕಲಕುವವರ ಉಗುರು ಮೊದಲು ನೀಲಿಯಾಗುತ್ತದೆ, ಕೆಮ್ಮು ಆಮೇಲೆ. ಕೆಮ್ಮಿನ ಮಾತನ್ನು ಕಾರ್ಖಾನೆಯ ಗೋಡೆಯೊಳಗೆ ಆಡುವಂತಿಲ್ಲ. ಅದಕ್ಕೇ ಕೆಲಸ ಬಿಡುವ ದಿನ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಬರೆದು, ನಿಮ್ಮ ಬೀಗ ಹಾಕಿ, ಮನೆಯ ಗೋಡೆಯಲ್ಲಿ ರೊಟ್ಟಿಬುಟ್ಟಿ ಇಡುವ ಗೂಡಿನಲ್ಲಿ ಇಡುತ್ತಾರೆ. ಮುಚ್ಚುಮಾತು ಎಂದು ಅದಕ್ಕೆ ಹೆಸರು. ನನ್ನ ಅವ್ವನದೂ ಒಂದಿದೆ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು. ಹೊಂಡದ ಬಗ್ಗೆ ಬರೆದಳೋ, ನನ್ನ ಬಗ್ಗೆ ಬರೆದಳೋ, ನನಗೆ ತಿಳಿಯದು. ಆ ಕಿಟಕಿಯ ಕೆಲಸ ನಾನು ಯಾಕೆ ಹಿಡಿದೆ ಎಂದು ಯಾರೂ ಕೇಳಲಿಲ್ಲ.

ವರ್ಷವಿಡೀ ಯಾರೂ ಕೇಳದ ಬೀಗವನ್ನು ಸತ್ತದ್ದೆಂದು ಬರೆದು, ಕೀಲಿಕೈ ಅಳಿಸಬೇಕೆಂದು ಒಂದು ಕಾನೂನಿದೆ. ಹಾಗಾಗಿ ಪ್ರತಿ ಶುಕ್ರವಾರ ಸಾಲು. ಎಲ್ಲರ ಮನೆಯಲ್ಲೂ ಇರುವ ಅದೇ ಎಂಟು ಸಾಲುಗಳನ್ನು ಎಲ್ಲರೂ ಮತ್ತೆ ಕೇಳುತ್ತಾರೆ, ನಾನು ಕಾರಣ ಬರೆದುಕೊಳ್ಳಬೇಕು. ಮುಂದೆ ನಿಲ್ಲುವವಳು ಹುಲಿಗೆವ್ವ, ನಲವತ್ತು ವರ್ಷ ಹೊಂಡ ಕಲಕಿದವಳು. "ಹೋದ ವಾರ ಒಯ್ದಿಯಲ್ಲ ಯವ್ವಾ, ಮತ್ಯಾಕ?" ಎಂದರೆ, "ಕಳದೈತ್ರಿ ಸಾಹೇಬ್ರ." ಎಲ್ಲಿ ಎಂದು ಕೇಳಿದರೆ, "ಎಲ್ಲಿ ಅಂತ ಗೊತ್ತಿದ್ರ ಅಲ್ಲೇ ಹೋಗಿ ತರ್ತಿದ್ದೆ. ನಿಮ್ಮ ಮಾರಿ ನೋಡಾಕ ಯಾಕ ಬರ್ತಿದ್ದೆ?" ಅವಳ ಸೆರಗಿನ ತುಂಬ ನಿಮ್ಮ ಬೀಗವೇ ಕಸೂತಿಯಾಗಿರುತ್ತದೆ, ಒಂದಕ್ಷರ ತಪ್ಪದೆ. ಅದನ್ನು ತೋರಿಸಿದೆ. "ಅದು ಸೀರಿ ರೀ," ಎಂದಳು. ಕಳೆದಿದೆ ಎಂದೇ ಬರೆದುಕೊಂಡೆ. ಹನ್ನೊಂದು ವರ್ಷ ಪ್ರತಿ ವಾರ ಬರೆದುಕೊಂಡೆ.

ಕಳೆದ ವಾರ ಮೇಲಧಿಕಾರಿ ಪಟ್ಟಣಶೆಟ್ಟಿ ಒಂದು ಹಾಳೆ ತಂದಿಟ್ಟರು. ೨೦೨೮ರ ಜೂನ್ ಒಂದರಂದು ಕೀಲಿಕೈ ಅಳಿಸಲು ನೀವೇ ಆಜ್ಞೆ ಕೊಟ್ಟಿದ್ದೀರಿ. ಮೂವತ್ತು ದಿನ ಕಾಯ್ದು ಅಳಿಸುವುದು ನಿಮ್ಮ ಕಾಲದ ಪದ್ಧತಿ. ಅಷ್ಟರೊಳಗೆ ಆಜ್ಞೆಯನ್ನು ಹಿಂತೆಗೆದುಕೊಂಡಿರೋ ಇಲ್ಲವೋ ಗೊತ್ತಿಲ್ಲ. ಆ ತಿಂಗಳ ದಾಖಲೆ ಕೆಟ್ಟುಹೋಗಿದೆ. ಕೀಲಿಕೈ ಉಳಿದದ್ದು ಯಂತ್ರದ ಮರೆವು, ಒಡತಿಯ ಇಚ್ಛೆಯನ್ನು ಈಗಲಾದರೂ ನಡೆಸಬೇಕು ಎಂಬುದು ಮಂಡಳಿಯ ವಾದ. ಮಂಡಳಿಯಲ್ಲಿ ಕೂರುವವರ ಉಗುರುಗಳು ಬಹಳ ಬಿಳಿ.

ನೀವು ಯಾಕೆ ಹಾಗೆ ಮಾಡಿದಿರೆಂದು ಊಹಿಸಬಲ್ಲೆ. ಎರಡು ವರ್ಷ ಒಂದು ದೂರೂ ನಿಮ್ಮ ಕೈಗೆ ಬರಲಿಲ್ಲ. ಕೀಲಿಕೈ ಎಷ್ಟು ಸಲ ತಿರುಗಿತೆಂದು ಯಂತ್ರವನ್ನು ಕೇಳಿದಿರಿ, ಅದು ಸೊನ್ನೆ ತೋರಿಸಿತು. ಯಾರಿಗೂ ಬೇಡ ಅಂದುಕೊಂಡಿರಿ. ಆದರೆ ಬೀಗ ಒಯ್ದವರು ಮನೆಯಲ್ಲಿ ಕೂತು ಹಾಕಿದ್ದು ಯಂತ್ರಕ್ಕೆ ಕಾಣುವುದಿಲ್ಲ, ಅಕ್ಕಾರ. ಅವರು ಬರೆದಿದ್ದರು. ಕೊಡುವ ಧೈರ್ಯ ಬರಲೆಂದು ಗೂಡಿನಲ್ಲಿ ಇಟ್ಟುಕೊಂಡಿದ್ದರು. ಕೀಲಿಕೈ ಹೋದರೆ ಊರಿನ ಅಷ್ಟೂ ಮುಚ್ಚುಮಾತುಗಳು ಎಂದೆಂದಿಗೂ ಬರೀ ಅಕ್ಷರದ ರಾಶಿ.

ಆಜ್ಞೆ ಹಿಂತೆಗೆದ ದಾಖಲೆ ಇಲ್ಲವೆಂದು ನಾನು ಸಹಿ ಹಾಕಬೇಕಿತ್ತು. "ಹಾಕಿಬಿಡ್ರಿ ಬಾರಕೇರ, ಸತ್ತವರ ಮಾತು ತಣ್ಣಗಿರಲಿ," ಎಂದರು ಪಟ್ಟಣಶೆಟ್ಟಿ. "ತಣ್ಣಗ ಮಾಡಾಕ ಅವ್ವ ಬರದಿಟ್ಟಿಲ್ರಿ," ಎಂದೆ. ನಾನು ಎದುರುತ್ತರ ಕೊಡುವವನಲ್ಲ. ನನ್ನ ದನಿ ನನಗೇ ಪಕ್ಕದ ಮೇಜಿನಿಂದ ಬಂದಂತಿತ್ತು. ಸಹಿಯ ಜಾಗದಲ್ಲಿ 'ಹುಡುಕುತ್ತಿದ್ದೇನೆ' ಎಂದು ಬರೆದು ಕೊಟ್ಟೆ. ಸೋಮವಾರ ನನ್ನನ್ನು ಕಿಟಕಿಯಿಂದ ಎಬ್ಬಿಸಿದರು. ಹೊಸ ಗುಮಾಸ್ತ ಬರುವ ತಿಂಗಳೊಳಗೆ ಸಹಿ ಹಾಕುತ್ತಾನೆ. ನಿನ್ನೆ ಶುಕ್ರವಾರ ನಾನೂ ಸಾಲಿಗೆ ಹೋದೆ. "ನಡುವ ಹೊಗಬ್ಯಾಡ್ರಿ ಸಾಹೇಬ್ರ, ಕಡೀಗೆ ನಿಲ್ರಿ," ಎಂದಳು ಹುಲಿಗೆವ್ವ. ಕಡೆಗೆ ನಿಂತೆ. ಕಾರಣ ಕೇಳಿದರು, ಕಳೆದಿದೆ ಎಂದೆ. ಆ ಬೀಗವನ್ನೇ ಈ ಪತ್ರಕ್ಕೆ ಹಾಕುತ್ತಿದ್ದೇನೆ.

ಅಷ್ಟು ವರ್ಷ ಹಿಂದಕ್ಕೆ ಇದು ಹೇಗೆ ಮುಟ್ಟುತ್ತದೋ ನಾನರಿಯೆ, ಆದರೆ ಪತ್ರ ನಿಮಗೆ ಬಿಚ್ಚಿಕೊಂಡಿದ್ದರೆ ನಿಮ್ಮ ಮೂವತ್ತು ದಿನ ಇನ್ನೂ ಮುಗಿದಿಲ್ಲ. ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಹಿಂತೆಗೆದುಕೊಂಡೆನೆಂದು ಕಾಗದದ ಮೇಲೆ ಬರೆದು ಹೆಸರು ಹಾಕಿ, ಯಂತ್ರವನ್ನೊಂದೇ ನಂಬಬೇಡಿ. ಸಂಘದ ಹಳೆಯ ಕೋಣೆ ಇನ್ನೂ ನಿಂತಿದೆ. ಬಾಗಿಲ ಬಲಗಡೆಯ ಗೂಡನ್ನು ಎಂದೋ ಯಾರೋ ಗಾರೆ ಮೆತ್ತಿ ಮುಚ್ಚಿದ್ದಾರೆ. ಕಾಗದವನ್ನು ಅಲ್ಲಿಡಿ. ನಾಳೆ ಬೆಳಿಗ್ಗೆ ಹುಲಿಗೆವ್ವ ಸುತ್ತಿಗೆ ತರುತ್ತಾಳೆ, ಸಾಲಿನವರೆಲ್ಲ ಬರುತ್ತಾರೆ. ಗೂಡು ಬರಿದಾಗಿದ್ದರೂ ಶುಕ್ರವಾರ ಬೀಗ ಕೇಳಲು ಹೋಗುವವರೇ ನಾವು. ಆದರೂ ಗಾರೆ ಉದುರಿದ ಮೇಲೆ ಒಳಗೆ ಕೈ ಹಾಕುವವನು ನಾನು. ಅಲ್ಲಿ ನನಗೆ ಏನು ಸಿಗುತ್ತದೆ, ಅಕ್ಕಾರ?